ಜೋಕಾಲಿಯ ಮೇಲಿನ ಜಾನಕಿಬಾಯಿ

ಬಾಗಿಲಲ್ಲಿ ನಿಂತ ಹುಡುಗಿಯ ಕೊರಳಲ್ಲಿ ಕ್ಯಾಮೆರಾ ತೂಗುತ್ತಿತ್ತು. ಜಾನಕಿಬಾಯಿ ಒಂದೇ ನೋಟಕ್ಕೆ ಪತ್ತೆ ಹಚ್ಚಿದಳು. ಇವಳು ಹುನಗುಂದದವರು ಕಳಿಸಿದ ಗೂಢಚಾರಿಣಿ.

"ನಾ ವಂದನಾ ಅಂತರಿ ಕಾಕು. ಇಲ್ಲೇ ವಿದ್ಯಾಗಿರಿ ಕಾಲೇಜಿನ್ಯಾಗ ಫೋಟೋಗ್ರಫಿ ಕಲೀಲಿಕ್ಕತ್ತೇನಿ. ಮನಿಯೊಳಗ ಬೆಳಕು ಹೆಂಗ ಬೀಳ್ತದ, ಅದರ ಫೋಟೋ ತಕ್ಕೊಂಡು ಬಾ ಅಂದಾರ ನಮ್ಮ ಸರ್. ನಿಮ್ಮ ಕಿಟಕಿ ಭಾಳ ಚಂದ ಅವ."

"ಕಿಟಕಿ ಒಂದ ಯಾಕವಾ, ಒಳಗ ಬಾ. ಎಲ್ಲಾ ನೋಡು," ಎಂದಳು ಜಾನಕಿಬಾಯಿ. ಗೋತ್ರ ಯಾವುದೆಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗೂಢಚಾರರಿಗೆ ಗೋತ್ರ ಕೇಳಬಾರದೆಂದು ನುಂಗಿಕೊಂಡಳು.

ಮಗ ವಿಕ್ರಮನಿಗೆ ಸರ್ಕಾರಿ ನೌಕರಿ ಇತ್ತು, ಸ್ವಂತ ಮನೆ ಇತ್ತು, ತಲೆಯ ಮೇಲೆ ಒಂದಿಷ್ಟು ಕೂದಲೂ ಉಳಿದಿತ್ತು. ಇಲ್ಲದ್ದು ಹೆಂಡತಿ. ಹಿಂದೆ ಗಂಡಿನವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಪತ್ರ ಬರೆಯುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಈಗ ಹೆಣ್ಣಿನವರು ಹಾಗೆ ಹೋಗುವ ಕಾಲ. ಹೋಗುವ ಮುಂಚೆ ಅವರೆಲ್ಲ ಓಣಿಯಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಅತ್ತೆ ಹೇಗೆ? ಉತ್ತರ ಹೇಳಲು ಓಣಿಯೂ ತುದಿಗಾಲಲ್ಲಿ ನಿಂತಿರುತ್ತಿತ್ತು.

ಕಡೆಗೆ ಹುನಗುಂದದ ಮಾಸ್ತರರೊಬ್ಬರ ಮಗಳು ವರದಾಳ ಜಾತಕ ಕೂಡಿಬಂತು. ಹುಡುಗನ ಫೋಟೋ ಅತ್ತ ಹೋಯಿತು. 'ವಿಚಾರಿಸಿ ಹೇಳ್ತೇವಿ' ಎಂಬ ಮಾತು ಇತ್ತ ಬಂತು. ಆ ವಿಚಾರಣೆಯೇ ಈಗ ಕ್ಯಾಮೆರಾ ಹಾಕಿಕೊಂಡು ಬಂದಿದೆ. ಇದೂ ತಪ್ಪಿದರೆ ಮಗ ಬ್ರಹ್ಮಚಾರಿಯಾಗಿಯೇ ಪಿಂಚಣಿ ತೆಗೆದುಕೊಳ್ಳುತ್ತಾನೆ ಎಂಬ ಭಯ ಜಾನಕಿಬಾಯಿಯದು.

ನಿಜ ಹೇಳಬೇಕೆಂದರೆ, ಆ ಮನೆಯ ಗಂಡಸರು ಕುಡಿದ ಲೋಟವನ್ನೂ ಎತ್ತಿಡುವವರಲ್ಲ. ಗಂಡ ಪಂಢರೀನಾಥ ಪೇಪರಿನ ಹಿಂದೆ, ಮಗ ಮೊಬೈಲಿನ ಹಿಂದೆ. ನಸುಕಿನಲ್ಲಿ ಎದ್ದ ಜಾನಕಿಬಾಯಿ ಕಸ, ಮುಸುರೆ, ಅಡುಗೆ ಮುಗಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮಧ್ಯಾಹ್ನ. ಪಡಸಾಲೆಯ ಜೋಕಾಲಿ ಇದ್ದದ್ದು ಒಗೆದ ಬಟ್ಟೆ ಹಾಕಲಿಕ್ಕೆ. ಇದನ್ನೆಲ್ಲ ಕಂಡ ಹುಡುಗಿ ಈ ಹೊಸ್ತಿಲು ತುಳಿಯುತ್ತಾಳೆಯೇ?

ಮುಂದಿನ ವಾರ ವಂದನಾ ಮತ್ತೆ ಬಂದಳು. "ಈ ಸಲ ದುಡಿಯೋ ಕೈಗಳು ಬೇಕಂತರಿ ಕಾಕು. ನಿಮ್ಮ ಕೈ ತಕ್ಕೊಳ್ಲೇನು?"

ಜಾನಕಿಬಾಯಿ ಒಡೆದ ಅಂಗೈಗಳನ್ನು ಸೆರಗಿನೊಳಗೆ ಅಡಗಿಸಿದಳು. ಮನೆಯಲ್ಲಿ ಯಾರ ಕೈ ಸವೆಯುತ್ತದೆ ಎಂದು ತಿಳಿಯಬೇಕಾಗಿದೆ ಇವರಿಗೆ! "ನನ್ನ ಕೈಯಾಗೇನದ? ನಮ್ಮನಿಯೊಳಗ ಕೆಲಸದ ಕೈ ಅಂದ್ರ ಇವರದು." ಒಳಗೆ ಹೋಗಿ ಗಂಡನ ಮುಂದೆ ಮುಸುರೆ ಬುಟ್ಟಿ ಇಟ್ಟಳು.

"ಇದು ಯಾವಾಗಿಂದ?" ಎಂದ ಪಂಢರೀನಾಥ.

"ಇವತ್ತಿನಿಂದ. ಮಗನ ಲಗ್ನ ಆಗಬೇಕೋ ಬ್ಯಾಡೋ?"

ಸಂಧ್ಯಾವಂದನೆಯ ತಂಬಿಗೆ ಬಿಟ್ಟು ಇನ್ನೊಂದು ಪಾತ್ರೆ ಮುಟ್ಟದ ಮನುಷ್ಯ ಮೊದಲ ಸಲ ತಿಕ್ಕುವ ನಾರು ಹಿಡಿದ. ಕ್ಯಾಮೆರಾ ಕ್ಲಿಕ್ ಎಂದಿತು.

ವಂದನಾಳ ಮೂರನೆಯ ಪಾಠ ಮುಖದ್ದು. ಅಂದರೆ ಅತ್ತೆಯ ಮುಖ. ಜಾನಕಿಬಾಯಿ ಬಟ್ಟೆ ರಾಶಿಯನ್ನು ಮಂಚದ ಕೆಳಗೆ ನೂಕಿ, ಇಳಕಲ್ಲ ಸೀರೆ ಉಟ್ಟು, ಜೋಕಾಲಿಯ ಮೇಲೆ ಒರಗಿ ಕೂತಳು. ಈ ಮನೆಗೆ ಬಂದ ಹೆಣ್ಣಿಗೆ ಎಂಥ ಆರಾಮ ಎಂದು ನೋಡಲಿ.

"ಸಹಜ ಇರ್ರಿ ಕಾಕು."

"ನಮ್ಮ ಸಹಜ ಇದವಾ."

ಕೊನೆಯ ಪಾಠ, ಮನೆಯ ಒಂದು ಮುಂಜಾವು. ಜಾನಕಿಬಾಯಿ ಎಲ್ಲವನ್ನೂ ಸಜ್ಜು ಮಾಡಿದ್ದಳು. ವಿಕ್ರಮನ ಕೈಯಲ್ಲಿ ಕಸಬರಿಗೆ. ಹಿತ್ತಲ ಬಾಗಿಲಾಚೆ, ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಪಂಢರೀನಾಥ. ನಡುವೆ ಜೋಕಾಲಿ, ಅದರ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಅವಳು. ಒಂದು ಕಾಲಿನಿಂದ ನೆಲ ಒದ್ದು ಸಣ್ಣಗೆ ತೂಗಿಕೊಂಡಳು ಕೂಡ.

ವಂದನಾ ಕ್ಯಾಮೆರಾ ಇಳಿಸಿದಳು. "ದಿನಾ ಹಿಂಗೇನ್ರಿ?"

"ದಿನಾ ಹಿಂಗ. ನಾ ಯಾರಿಗೂ ಬಾಯಿ ಬಿಟ್ಟು ಹೇಳಂಗಿಲ್ಲ ನೋಡು. ನನ್ನ ಮುಖ ನೋಡಿ ಅವರ ತಿಳಕೊಂಡು ಮಾಡ್ತಾರ."

ಹುಡುಗಿ ಹಿತ್ತಲಿನತ್ತ ನೋಡಿದಳು, ಕಣ್ಣಂಚು ತುಸು ಒದ್ದೆಯಾದಂತಿತ್ತು. ಕೆಲಸ ಆಯಿತು, ಮನಸ್ಸು ಕರಗಿದೆ ಎಂದುಕೊಂಡಳು ಜಾನಕಿಬಾಯಿ.

ಆಮೇಲೆ ಹುಡುಗಿ ಬಂದದ್ದು ಪೇಢೆ ಹಿಡಿದುಕೊಂಡು. ಕ್ಯಾಮೆರಾ ಕಂಡದ್ದೇ ತಡ, ಪಂಢರೀನಾಥ ಯಾರೂ ಹೇಳದೆಯೇ ಹಿತ್ತಲಿಗೆ ಹೋಗಿ ಮುಸುರೆಯ ಮುಂದೆ ಕೂತ.

"ನನ್ನ ಫೋಟೋಕ್ಕ ಪಹಿಲಾ ನಂಬರ ಬಂತ್ರಿ. ಮತ್ತ, ನನ್ನ ಲಗ್ನಾನೂ ನಿಶ್ಚೆ ಆತು. ಕುಳಗೇರಿ ಕ್ರಾಸಿನ್ಯಾಗ ಹುಡುಗಂದು ಮೊಬೈಲ್ ಅಂಗಡಿ ಅದ."

ಜಾನಕಿಬಾಯಿ ಬಾಯಿಗೆ ಒಯ್ದ ಪೇಢೆಯನ್ನು ಕೆಳಗಿಟ್ಟಳು. ಮೊಬೈಲ್ ಅಂಗಡಿಯವನಿಗೂ ಹೆಣ್ಣು ಸಿಕ್ಕಿದೆ. "ನೀ ಹುನಗುಂದದವರ ಕಡಿಯಾಕಿ ಅಲ್ಲೇನು?"

"ಅಲ್ರಿ, ನಾ ಬೇವೂರಾಕಿ."

ಹಾಗಾದರೆ ಇದು ಬರಿಯ ಫೋಟೋ ಕಲಿಯುವ ಹುಡುಗಿ. ಇಷ್ಟು ದಿನದ ನಾಟಕ, ಬಂದಾಗಲೆಲ್ಲ ಇವಳಿಗೆ ತಿನ್ನಿಸಿದ ಉಪ್ಪಿಟ್ಟು, ಸೀರೆಯ ಇಸ್ತ್ರಿ, ಎಲ್ಲ ನೀರಲ್ಲಿ ಹೋಮ. ಜಾನಕಿಬಾಯಿ ಜೋಕಾಲಿಯ ಮೇಲೆ ಕುಸಿದಳು. ಈ ಸಲ ಸಹಜವಾಗಿಯೇ.

"ಹುನಗುಂದದವರು ನಮ್ಮ ಸರ್ ರಿ," ಎಂದಳು ವಂದನಾ ಹೊರಡುತ್ತ. "ಕಸಾ ಹೊಡಿಯೋ ಹುಡುಗನ ಮುಖ ಭಾಳ ಹೊತ್ತು ನೋಡಿದ್ರು. ಹೆಸರೇನು, ಮನಿ ಯಾವುದು ಅಂತ ಕೇಳಿದ್ರು. ಮಗಳಿಗೆ ತೋರಸ್ತೇನಿ ಅಂತ ಎಲ್ಲಾ ಫೋಟೋ ಮನಿಗೆ ಒಯ್ದಾರ."

ಹುನಗುಂದದ ಮಾಸ್ತರು! ಹೋದ ಜೀವ ಜಾನಕಿಬಾಯಿಗೆ ಮರಳಿ ಬಂತು. ಯಾವ ದೇವರು ಕೊಡಿಸಿದ್ದ ಈ ಪಾಠಗಳನ್ನು? ಹುಡುಗಿ ಬೀದಿ ತಿರುಗುವುದರೊಳಗೆ ಅವಳ ಮನಸ್ಸಿನಲ್ಲಿ ಮಂಟಪ ಎದ್ದು, ಅಕ್ಷತೆ ಬಿದ್ದು, ಸೊಸೆ ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬಂದಾಗಿತ್ತು.

ಫೋನು ಬಂದದ್ದು ಆಗಲೇ. ಪಂಢರೀನಾಥ ಸಾಬೂನಿನ ಕೈ ಧೋತರಕ್ಕೆ ಒರೆಸಿಕೊಂಡು ಎತ್ತಿದ. ಹೂಂ ಅಂದ, ಹೂಂ ಅಂದ, ಕೆಳಗಿಟ್ಟ. ಅವನ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಸಮಾಧಾನ ಕಂಡಿತು.

"ಹುಡುಗ ಪಸಂದ ಅಂತ. ಮಾವನೂ ಪಸಂದ ಅಂತ," ಎಂದು ಸೊಂಟದ ಮೇಲೆ ಕೈ ಇಟ್ಟುಕೊಂಡ. "ಆದ್ರೂ ವರದಾ ಒಲ್ಲೆ ಅಂದ್ಲಂತ. ಹೆತ್ತ ಮಗನ್ನ, ಕಟ್ಟಿಕೊಂಡ ಗಂಡನ್ನ ಹಿಂಗ ದುಡಿಸಿ, ತಾ ಜೋಕಾಲಿ ಆಡೋ ಅತ್ತಿ, ಸೊಸಿನ್ನ ಜೀವಂತ ಬಿಟ್ಟಾಳೇನು ಅಂತ ಕೇಳಿದ್ಲಂತ."