ಅವ್ವ ಎತ್ತಿಟ್ಟ ಮುದ್ದೆ

ಇವತ್ತು ಅಂಗಳ ಗುಡಿಸಿದೆ, ರಾಗಿ ಬೀಸಿದೆ, ಹಾಗಲಕಾಯಿ ಹೆಚ್ಚಿದೆ. ಅದರ ಕಹಿ ವಾಸನೆಗೆ ಅವ್ವ ನೆನಪಾದಳು.

ಅವ್ವನಿಗೆ ಸಿಹಿಮೂತ್ರದ ಕಾಯಿಲೆ. ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಮಾಗಡಿಯ ಪಂಡಿತರು, "ಬೆಲ್ಲ, ಅನ್ನ ಮುಟ್ಟಬ್ಯಾಡ ಕಣವ್ವ, ಕಾಲು ಹೋಯ್ತದೆ. ಮುದ್ದೆ, ಹಾಗಲಕಾಯಿ ಉಣ್ಣು" ಎಂದಿದ್ದರು.

ಒಂದು ದಿನ ಮಧ್ಯಾಹ್ನ ಕೂಟಗಲ್ಲಿನಿಂದ ನೆಂಟರು ಬಂದರು. ಅವ್ವ ತನಗೆಂದು ಎತ್ತಿಟ್ಟಿದ್ದ ಮುದ್ದೆಯನ್ನು ಅಜ್ಜಿ ನೆಂಟರ ಗಾಡಿ ಹೊಡೆಯುವವನಿಗೆ ಬಡಿಸಿದಳು. ಎಲ್ಲರೂ ಉಂಡೆದ್ದ ಮೇಲೆ ಉಳಿದದ್ದು ಬೆಲ್ಲದ ಪಾಯಸ ಮಾತ್ರ.

"ಪಂಡಿತರು ಬ್ಯಾಡ ಅಂದವ್ರೆ, ಅತ್ತೆ."

"ಪಂಡಿತ ಬಂದು ಬೇಯಿಸಿಕ್ಕಾನಾ? ನಿಂಗೊಬ್ಬಳಿಗೆ ಬ್ಯಾರೆ ಒಲೆ ಹಚ್ಚಬೇಕಾ? ಚೆಲ್ಲಬ್ಯಾಡ, ಉಣ್ಣು," ಎಂದಳು ಅಜ್ಜಿ.

ಅವ್ವ ತಪ್ಪಲೆಯ ತಳ ಬಳಿದು ಪಾಯಸ ತಿಂದಳು, ಪಾತ್ರೆ ತೊಳೆದಳು. ದಿನವೂ ಎಲ್ಲರ ನಂತರ ಮಲಗುತ್ತಿದ್ದವಳು ಅಂದು ದೀಪ ಹಚ್ಚುವ ಮೊದಲೇ ಮಲಗಿಬಿಟ್ಟಳು.