ದುಪ್ಪಟ್ಟು ಶುಂಠಿ

ಕಂಬಳಿ ಮಾರಲು ಬಂದವನನ್ನು ಬೇಕರಿಯೆದುರಿನ ಲೈಟುಕಂಬಕ್ಕೆ ಕಟ್ಟಿಹಾಕಿದ್ದರು. ಡಿಸೆಂಬರಿನ ಚಳಿಯಲ್ಲೂ ಬೀದಿಯೆಲ್ಲ ಅಲ್ಲಿ ಸೇರಿತ್ತು. ಗ್ಯಾರೇಜಿನ ದಯಾನಂದ ಮೂಗಿನವರೆಗೂ ಮಫ್ಲರ್ ಸುತ್ತಿಕೊಂಡು ಕಬ್ಬಿಣದ ರಾಡಿನಿಂದ ಅವನ ಬೆನ್ನಿಗೆ ಬಾರಿಸುತ್ತಿದ್ದ.

"ಬೆಳಿಗ್ಗೆ ಆಂಟಿ ಸರ ಕಿತ್ಕೊಂಡು ಓಡಿದೋನು ಇವ್ನೇ! ಕಾಲು ಮುರೀರೋ!"

"ನಾನಲ್ಲ ಅಣ್ಣಾ..."

ಬೇಕರಿಯ ಎಲ್ವೀರಾ ಆಂಟಿ ಹೊರಗೆ ಬಂದರು. ಸರ ಕಿತ್ತ ಗಾಯ ಕತ್ತಿನ ಮೇಲೆ ಇನ್ನೂ ಕೆಂಪಗಿತ್ತು. ಕೈಯಲ್ಲಿ ಮೂಲೆ ಬಗ್ಗಿದ ಟ್ರೇ, ಅದರ ತುಂಬ ಬಿಸಿ ಜಿಂಜರ್‌ಬ್ರೆಡ್. ಕ್ರಿಸ್ಮಸ್ ಹತ್ತಿರವಾದಾಗ ಬೆಲ್ಲ, ಮೆಣಸು, ಶುಂಠಿ ಹಾಕಿ ಬೇಯಿಸಿ ಬೀದಿಗೆಲ್ಲ ಹಂಚುವುದು ಅವರ ರೂಢಿ. ಈ ಸಲ ಶುಂಠಿ ದುಪ್ಪಟ್ಟು ಹಾಕಿದ್ದರು.

"ಕಳ್ಳನ ಮುಖ ನೋಡಿದ್ರಾ ಆಂಟಿ?" ಎಂದು ಯಾರೋ ಕೇಳಿದರು.

"ಮುಸುಕು ಹಾಕಿದ್ದನಪ್ಪ. ಮೊದ್ಲು ಎಲ್ರೂ ತಿನ್ನಿ, ಆಮೇಲೆ ಹೊಡೀರಿ."

ಮೊದಲ ತುಂಡನ್ನು ಕಂಬಕ್ಕೆ ಕಟ್ಟಿದವನ ಬಾಯಿಗೇ ಇಟ್ಟರು. ಅವನು ಅಳುತ್ತಲೇ ಗಬಗಬನೆ ತಿಂದ. ಉಳಿದವರು ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಚಪ್ಪರಿಸಿದರು.

"ನಂಗೆ ಬೇಡ ಆಂಟಿ," ಎಂದ ದಯಾನಂದ.

"ಪ್ರತಿ ವರ್ಷ ಕಿತ್ತಾಡಿ ಎರಡೆರಡು ತಿಂತಿದ್ದೋನು ನೀನು. ತಗೋ."

ಬೀದಿಯೆಲ್ಲ ನೋಡುತ್ತಿತ್ತು. ಅವನು ಮಫ್ಲರಿನೊಳಗೇ ತುಂಡು ತೂರಿಸಿ ಕಚ್ಚಿದ. ಮರುಕ್ಷಣ ಕಿಟಾರನೆ ಕಿರುಚಿ ಉಗುಳಿದ. ರಾಡು ಕೆಳಗೆ ಬಿತ್ತು. ಮಫ್ಲರ್ ಜಾರಿತು. ಊದಿಕೊಂಡು ಸೀಳಿದ್ದ ತುಟಿಯಿಂದ ರಕ್ತ ಇಳಿಯುತ್ತಿತ್ತು.

ಆಂಟಿ ಬಗ್ಗಿ ರಾಡನ್ನು ಎತ್ತಿಕೊಂಡರು.

"ಆ ಪಾಪದವನ ಹಗ್ಗ ಬಿಚ್ರಪ್ಪ. ಕಳ್ಳ ಸರಕ್ಕೆ ಕೈ ಹಾಕ್ದಾಗ ನಾನು ಇದೇ ಟ್ರೇಯಲ್ಲಿ ಅವನ ಬಾಯಿಗೆ ಬಾರಿಸಿದ್ದೆ."