ಗಾಳಿ ನಿಂತ ಒಲೆ

ಬಾಂಬೆ ಬಂದರಿನಲ್ಲಿ ಸುಂಕ ಮುನ್ನೂರ ಎಂಬತ್ತು ರೂಪಾಯಿ. ಅಲ್ಲಿಂದ ಹೊಸದುರ್ಗಕ್ಕೆ ಲಾರಿ ಬಾಡಿಗೆ ನಲವತ್ತು. ಮನೆಗೆ ದಪ್ಪ ವೈರು ಎಳೆಸಿದ್ದಕ್ಕೆ ಎಪ್ಪತ್ತು. ಇಷ್ಟನ್ನೂ ನುಂಗಿದ ಕರೆಂಟ್ ಒಲೆ ಶನಿವಾರ ಬೆಳಿಗ್ಗೆ ಗೂಂ ಎಂದು ನರಳಿ ಆರಿಹೋಯಿತು.

ಒಳಗೆ ತಟ್ಟೆಯಲ್ಲಿ ನಾನ್ ಖಟಾಯಿ ಬಿಸ್ಕತ್ತು ಅರೆಬೆಂದಿತ್ತು. ಮಹಮೂದಾ ಬಾಗಿಲು ತೆಗೆದು ನೋಡಿ ಮುಚ್ಚಿದಳು. ಬಸ್ ನಿಲ್ದಾಣದ ಹೋಟೆಲಿನ ಕಾಟಲಿಂಗಪ್ಪ ಸಂಜೆ ನಾಲ್ಕಕ್ಕೆ ಮುನ್ನೂರು ಬಿಸ್ಕತ್ತು ಕೇಳಿದ್ದ. ಕೊಟ್ಟರೆ ಇನ್ನು ಮೇಲೆ ದಿನಾ ಅವಳ ಬಿಸ್ಕತ್ತೇ. ತಪ್ಪಿದರೆ ದಾವಣಗೆರೆಯ ಬೇಕರಿಯದು. ಸಹಾಯಕ್ಕೆ ಗಂಡನೂ ಇರಲಿಲ್ಲ. ಲಾಲ್ ಸಾಬ್ ಉಣ್ಣೆ ವ್ಯಾಪಾರಕ್ಕೆಂದು ಹಿರಿಯೂರಿಗೆ ಹೋಗಿದ್ದ.

"ನಾನು ಹೇಳ್ಲಿಲ್ವಾ?" ಎಂದಳು ಅತ್ತೆ ಸುಗ್ರಾ. "ಸೌದೆ ತಿನ್ನದಿರೋ ಒಲೆ ಒಲೆನೇ ಅಲ್ಲ. ಇವತ್ತು ಉರೀಲಿಲ್ಲ ಅಂದ್ರೆ ನಾಳೆ ಮಾರಿಬಿಡ್ತೀನಿ. ತಗಳೋರು ಸಿಗ್ಲಿಲ್ಲ ಅಂದ್ರೆ ಕೋಳಿಗೂಡು ಮಾಡ್ತೀನಿ."

ಒಲೆ ತಂದುಕೊಟ್ಟವನು ಹಡಗಿನಲ್ಲಿ ಕೆಲಸ ಮಾಡುವ ಮೈದುನ ದಿಲಾವರ್. ಬೆನ್ನಿಗೊಂದು ಫ್ಯಾನು ಇದೆ, ಅದು ಒಲೆಯ ಮೈ ತಣ್ಣಗಿಡುತ್ತದೆ, ಅದು ನಿಂತರೆ ಒಲೆಯೂ ತಾನೇ ಆರುತ್ತದೆ ಎಂದು ಹೇಳಿಹೋಗಿದ್ದ. ಕೆಟ್ಟರೆ ಯಾರಿಗೆ ತೋರಿಸಬೇಕೆಂದು ಹೇಳಿರಲಿಲ್ಲ. ಮತ್ತೋಡಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಓಬಣ್ಣ ಎಂಬುವನಿದ್ದಾನೆ, ತಿರುಗುವುದು ಯಾವುದಾದರೂ ಅವನು ಸರಿಮಾಡುತ್ತಾನೆ ಎಂದು ಯಾರೋ ಅಂದದ್ದು ಮಹಮೂದಾಗೆ ನೆನಪಿತ್ತು. ಮತ್ತೋಡಿಗೆ ಹೊರಟಿದ್ದ ಬಸ್ಸಿನ ಬಳಿ ಓಡಿದಳು.

"ಓಬಣ್ಣನವರಿಗೆ ಹೇಳ್ರಿ," ಎಂದಳು ಕಂಡಕ್ಟರಿಗೆ. "ಲಾಲ್ ಸಾಬರ ಮನೆ ಒಲೇಲಿ ಗಾಳಿ ನಿಂತೈತೆ, ಇರೋ ಕೆಲ್ಸ ಬಿಟ್ಟು ಬರ್ಬೇಕಂತೆ ಅಂತ."

ಹನ್ನೊಂದರ ಬಸ್ಸಿಗೆ ಓಬಣ್ಣ ಬಂದ. ಐವತ್ತು ದಾಟಿದ ಆಳು. ಹೆಗಲ ಮೇಲೆ ಕಂಬಳಿ, ಬಗಲಲ್ಲಿ ಬಟ್ಟೆ ಚೀಲ. ಚೀಲ ಹಗುರವಾಗಿತ್ತು.

"ಎಲ್ಲೈತೆ ತಾಯಿ, ತೋರಿಸ್ರಿ."

ಮಹಮೂದಾ ಒಲೆ ತೋರಿಸಿದಳು. ಓಬಣ್ಣ ಒಲೆಯನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಒಲೆಯನ್ನು ನೋಡಿದ.

"ಇದಕ್ಕಾ?"

"ಇದಕ್ಕೇ. ಯಾಕೆ, ಆಗಲ್ವಾ?"

"ಇಂಥದ್ದು ನಾನು ಕಂಡಿಲ್ಲ. ನನ್ನ ಕಸುಬು ತಿಳಿದೇ ಕರೆಸಿದ್ರಾ?"

"ತಿಳೀದೆ ಕರೆಸ್ತೀವಾ? ನಿಮ್ಮನ್ನ ಬಿಟ್ರೆ ಈ ತಾಲ್ಲೂಕಲ್ಲೇ ಇನ್ನೊಬ್ರಿಲ್ಲ ಅಂತಾರೆ."

ಆ ಮಾತಿಗೆ ಓಬಣ್ಣ ಕರಗಿದ. ಕಂಬಳಿ ಹಾಸಿ ಒಲೆಯ ಎದುರು ಕುಳಿತ.

"ಸ್ಪಾನರು ಗೀನರು ಏನೂ ತರಲಿಲ್ವೇನಪ್ಪ?" ಸುಗ್ರಾ ಬಾಗಿಲಲ್ಲಿ ನಿಂತೇ ಕೇಳಿದಳು.

"ನನ್ನ ಕೆಲ್ಸಕ್ಕೆ ಕಣ್ಣು, ಬಾಯಿ ಸಾಕು ಬೂಬಮ್ಮ."

"ಬಾಯಿ ನಮ್ಮನೇಲೂ ಐತೆ. ಅದಕ್ಕೆ ಬಸ್ ಚಾರ್ಜು ಕೊಡಬೇಕಿರ್ಲಿಲ್ಲ."

ಓಬಣ್ಣ ನಕ್ಕು, ಸೊಸೆಯ ಕಡೆ ತಿರುಗಿ ಒಂದೊಂದೇ ಕೇಳತೊಡಗಿದ. ಎಷ್ಟು ದಿನದಿಂದ ಹಿಂಗೆ? ಸದ್ದು ಮೂರು ದಿನದಿಂದ, ಆರಿದ್ದು ಇವತ್ತು. ಕೂಗ್ತದಾ, ನರಳ್ತದಾ? ಮೊದಲು ಕೂಗು, ಆಮೇಲೆ ನರಳಾಟ. ಮೈ ಬಿಸಿ? ಮುಟ್ಟೋಕಾಗಲ್ಲ.

"ಮೂರು ದಿನದ ಹಿಂದೆ ಮನೆಗೆ ಹೊಸದಾಗಿ ಯಾರು ಬಂದ್ರು?"

"ಒಲೆ ಕೆಡೋದಕ್ಕೂ ನೆಂಟ್ರಿಗೂ ಏನಪ್ಪ?" ಎಂದಳು ಸುಗ್ರಾ.

"ಏನೋ ಬರದೆ ಏನೂ ಕೆಡಲ್ಲ ಬೂಬಮ್ಮ."

ಮಹಮೂದಾ ಯೋಚಿಸಿದಳು. "ಯಾರೂ ಬರ್ಲಿಲ್ಲ. ಆದಿವಾಲದಿಂದ ಉಣ್ಣೆ ಮೂಟೆ ಬಂದ್ವು, ಅಷ್ಟೇ."

"ಎಲ್ಲಿಟ್ರಿ?"

"ಒಲೆ ಬೆನ್ನಿಗೇ. ಬೇರೆ ಜಾಗ ಎಲ್ಲೈತೆ?"

ಓಬಣ್ಣ ತಲೆಯಾಡಿಸಿ ಸ್ವಲ್ಪ ಲೋಬಾನ ಕೇಳಿದ. ಸುಗ್ರಾ ಗೊಣಗುತ್ತಲೇ ಕೆಂಡದ ಮೇಲೆ ಹಾಕಿ ತಂದುಕೊಟ್ಟಳು. ಓಬಣ್ಣ ಒಲೆಯ ಸ್ವಿಚ್ ಹಾಕಿಸಿ, ಹೊಗೆಯನ್ನು ಅದರ ಸುತ್ತ ನಿಧಾನವಾಗಿ ಹಿಡಿದ. ಮುಂಭಾಗದಲ್ಲಿ ಹೊಗೆ ನೆಟ್ಟಗೆ ಮೇಲೇರಿತು. ಬೆನ್ನಿನ ಜಾಲರಿಯ ಹತ್ತಿರವೂ ನೆಟ್ಟಗೇ ಏರಿತು.

"ಇಲ್ಲಿ ಗಾಳಿ ಆಡಬೇಕಲ್ವಾ ತಾಯಿ?"

"ಮುಂಚೆ ಸೆರಗು ಹಾರ್ತಿತ್ತು."

"ಹಂಗಾದ್ರೆ ಹಿಡಿದಿರೋದು ಇಲ್ಲೇ. ಕರೆಂಟ್ ತೆಗೀರಿ, ಬಿಚ್ಚಾಣ."

ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರನ್ನು ಮಹಮೂದಾ ತಂದುಕೊಟ್ಟಳು. ನಾಲ್ಕು ಸ್ಕ್ರೂ ಕಳಚಿದವು. ಫ್ಯಾನಿನ ನಡುಗಂಬಿಗೆ ಕರಿ ಉಣ್ಣೆ ಹೆಬ್ಬೆರಳಿನಷ್ಟು ದಪ್ಪ ಸುತ್ತಿಕೊಂಡಿತ್ತು. ಮೂಟೆಗಳಿಂದ ಹಾರಿದ ಎಳೆಗಳನ್ನೆಲ್ಲ ಮೂರು ದಿನದಿಂದ ಅದು ಒಳಗೆಳೆದುಕೊಂಡಿತ್ತು. ಓಬಣ್ಣ ಸೂಜಿ ತೆಗೆದುಕೊಂಡು ಎಳೆ ಎಳೆಯಾಗಿ ಬಿಡಿಸಿದ. ಬಿಡಿಸುವಾಗ ಬಾಯಲ್ಲಿ ಏನೋ ಮಣಮಣ ಅನ್ನುತ್ತಿದ್ದ.

"ಏನು ಹೇಳ್ಕಂತಿದೀರಿ?"

"ಅಭ್ಯಾಸ ತಾಯಿ. ಕೈ ಆಡಿದ್ರೆ ಬಾಯೂ ಆಡ್ತೈತೆ."

ಮಿಷನ್ ಎಣ್ಣೆ ಎರಡು ಹನಿ ಬಿತ್ತು. ಉಣ್ಣೆ ಮೂಟೆಗಳು ಪಡಸಾಲೆಗೆ ಹೋದವು. ಮಹಮೂದಾ ಸ್ವಿಚ್ ಹಾಕಿದಳು. ಫ್ಯಾನು ಒಮ್ಮೆ ತಡವರಿಸಿ ಸರ್ರನೆ ತಿರುಗಿತು. ಲೋಬಾನದ ಹೊಗೆಯೆಲ್ಲ ಸುಗ್ರಾಳ ಮುಖಕ್ಕೆ ನುಗ್ಗಿತು. ಅವಳು ಮೂರು ಸಲ ಸೀನಿದಳು.

"ಹೋಯ್ತು ನೋಡ್ರಿ," ಎಂದ ಓಬಣ್ಣ.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಮುನ್ನೂರು ಬಿಸ್ಕತ್ತು ಹೋಟೆಲು ಸೇರಿದವು. ಕಾಟಲಿಂಗಪ್ಪ ಒಂದು ತಿಂದ. ಇನ್ನೊಂದು ತಿಂದ. "ಸೋಮವಾರದಿಂದ ದಿನಾ ಇನ್ನೂರು ಕಳಿಸಮ್ಮ," ಎಂದ.

ಮಹಮೂದಾ ಮನೆಗೆ ಬಂದಾಗ ಸುಗ್ರಾ ತನ್ನ ಕೈಯಾರೆ ಓಬಣ್ಣನಿಗೆ ಚಹಾ, ಬಿಸ್ಕತ್ತು ಕೊಟ್ಟು ಎದುರು ಕುಳಿತಿದ್ದಳು.

"ಕೂಲಿ ಎಷ್ಟು ಹೇಳ್ರಿ," ಎಂದಳು ಮಹಮೂದಾ.

"ಮಾಮೂಲು ಒಂದು ಹುಂಜ, ಒಂದು ತೆಂಗಿನಕಾಯಿ. ಇದಕ್ಕೆ ಏನು ಕೇಳ್ಬೇಕೋ ನನಗೂ ತಿಳೀದು."

ಮಹಮೂದಾಗೆ ನಗು ಬಂತು. "ಪಂಪ್‌ಸೆಟ್ ರಿಪೇರಿಗೂ ಹುಂಜನೇ ತಗಂತೀರಾ?"

"ಪಂಪ್‌ಸೆಟ್ ಓಬಣ್ಣ ನಮ್ಮೂರಲ್ಲಿ ಬೇರೆ ಅವ್ನೆ ತಾಯಿ," ಎಂದು ಅವನು ಉಣ್ಣೆಯ ಉಂಡೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. "ನಾನು ದೆವ್ವ ಬಿಡಿಸೋ ಓಬಣ್ಣ. ಮೂವತ್ತು ವರ್ಷದಿಂದ ಬಿಡಿಸ್ತಾ ಇದೀನಿ, ಬಿಡಿಸಿದ್ದು ಕೈಗೆ ಸಿಕ್ಕಿದ್ದು ಇದೇ ಮೊದಲು."